ಸಿಂಗಳೀಕಕ್ಕೆ ಉಪ್ಪಾಗೆ ಬಿಟ್ಟ ವರ್ಷ

ಸಿದ್ದಾಪುರ ತಾಲೂಕಿನ ನಮ್ಮ ಕಡೆ ಮೂರು ಬಗೆಯ ಮಂಗಗಳಿವೆ. ತೋಟಕ್ಕೆ ನುಗ್ಗಿ ಬಾಳೆಗೊನೆ ಹಾಳು ಮಾಡುವ ಕೆಂಪು ಮಂಗ ಒಂದು. ಉದ್ದ ಬಾಲದ, ಕರಿ ಮೋರೆಯ, ಸೊಪ್ಪು ತಿನ್ನುವ ಮುಸುವ ಇನ್ನೊಂದು. ಇವೆರಡನ್ನೂ ದಿನಾ ನೋಡುತ್ತೇವೆ, ದಿನಾ ಓಡಿಸುತ್ತೇವೆ. ಮೂರನೆಯದು ಸಿಂಗಳೀಕ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಬಣ್ಣದ ಜೂಲು, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ದಟ್ಟ ಕಾನಿನ ಮರಗಳ ನೆತ್ತಿಯಲ್ಲೇ ಅದರ ಬದುಕು. ನಮ್ಮೂರಲ್ಲೇ ಹುಟ್ಟಿ ಬೆಳೆದವರಲ್ಲೂ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಸೇರಿದರೂ ಕಾಡಿನಲ್ಲಿ ಉಳಿದಿರುವುದು ನಾಲ್ಕು ಸಾವಿರದೊಳಗೆ ಎಂದು ಲೆಕ್ಕ.

ಹೊನ್ನಾವರ, ಶಿರಸಿ, ಸಿದ್ದಾಪುರದ ಕಣಿವೆಗಳಲ್ಲಿ ಇವು ಇಷ್ಟೊಂದು ಇವೆ ಎಂಬುದು ಹೊರಗಿನವರಿಗೆ ಗೊತ್ತಾಗಿದ್ದೇ ತಡವಾಗಿ. 2000ದ ನಂತರ ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಎಂಬ ವಿಜ್ಞಾನಿಗಳು ಈ ಭಾಗದ ಕಾಡು ಸುತ್ತಿ 32 ಗುಂಪುಗಳನ್ನು ಗುರುತಿಸಿದರು. ಒಂದೇ ಕಡೆ ಕೂಡಿಕೊಂಡಿರುವ ಇಷ್ಟು ದೊಡ್ಡ ಬಳಗ ಬೇರೆಡೆ ಸಿಗುವುದು ಕಷ್ಟ. ಅದರ ಫಲವಾಗಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು, ಸುಮಾರು 300 ಚದರ ಕಿಲೋಮೀಟರ್. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿ, ಇನ್ನಷ್ಟು ಕಾಡನ್ನೂ ಕೂಡಿಸಿ, 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಮಾಡಿದರು.

ನಮ್ಮ ಮನೆ ಆ ಗಡಿಯ ಹೊರಗಿದೆ. ಆದರೆ ಬಹಳ ದೂರವೇನಲ್ಲ. ಕೆಳಗೆ ಅಡಿಕೆ ತೋಟ, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ನಮ್ಮ ಪಾಲಿನ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಬೆಟ್ಟ ದಾಟಿದರೆ ಕಾನು. ಬೆಟ್ಟದಲ್ಲಿ ಹುಳಿ ಸಿಪ್ಪೆಯ ಹಣ್ಣು ಬಿಡುವ ಉಪ್ಪಾಗೆ ಮರಗಳಿವೆ. ಮಳೆಗಾಲದಲ್ಲಿ ಉಪ್ಪಾಗೆ ಕೊಯ್ದು, ಸಿಪ್ಪೆ ಒಣಗಿಸಿ ಮಾರುವುದು ನಮ್ಮ ಕಡೆ ಬಹಳ ಮನೆಗಳ ಕೆಲಸ. ಅಡಿಕೆ ದುಡ್ಡು ಬರುವ ಮೊದಲು, ಮಕ್ಕಳ ಶಾಲೆ ಶುರುವಾದ ಹೊತ್ತಿನಲ್ಲಿ, ಕೈಗೆ ಬರುವ ದುಡ್ಡು ಅದೇ. ನಮ್ಮ ಗ್ರಾಮ ಅರಣ್ಯ ಸಮಿತಿಯಲ್ಲಿ ಉಪ್ಪಾಗೆಯ ಲೆಕ್ಕ ಬರೆಯುವವಳು ನಾನು. ಹಾಗಾಗಿ ಸಿಂಗಳೀಕದ ಆಹಾರದ ಬಗ್ಗೆ ಕೆಲಸ ಮಾಡಲು ಮೈಸೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಮರ ಗೊತ್ತಿರುವವರು ಜೊತೆಗೆ ಬೇಕು ಅಂದಾಗ ಸಮಿತಿಯವರು ನನ್ನ ಹೆಸರು ಹೇಳಿದರು. ಅರಣ್ಯ ಇಲಾಖೆಯ ವಾಚರ್ ಒಬ್ಬರು ಮೊದಲೇ ಇದ್ದರು. ಬೇಸಿಗೆಯಿಂದ ಮಳೆಗಾಲ ಮುಗಿಯುವ ತನಕ ನಾವು ಮೂವರು ಕಾನು ಸುತ್ತಿದೆವು.

ಮೊದಲ ಕೆಲಸ ಮಂಗ ಹುಡುಕುವುದಲ್ಲ, ಮರ ಗುರುತು ಹಾಕುವುದು. ಸಿಂಗಳೀಕ ತಿನ್ನುವ ಜಾತಿಗಳನ್ನು ಆರಿಸಿ ಒಂದೊಂದು ಮರಕ್ಕೂ ನಂಬರಿನ ತಗಡು ಕಟ್ಟಬೇಕು. ಉಪ್ಪಾಗೆ, ಮುರುಗಲು, ಹಲಸು, ರಾಮಪತ್ರೆ, ಅತ್ತಿ, ನೇರಳೆ. ಆಮೇಲೆ ತಿಂಗಳಿಗೊಮ್ಮೆ ಪ್ರತಿ ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿ ಬರೆಯಬೇಕು: ಚಿಗುರು ಎಷ್ಟು, ಹೂವು ಎಷ್ಟು, ಕಾಯಿ ಎಷ್ಟು, ಹಣ್ಣು ಎಷ್ಟು. ಏನೂ ಇಲ್ಲದಿದ್ದರೆ ಸೊನ್ನೆ, ಮರ ತುಂಬ ಇದ್ದರೆ ನಾಲ್ಕು. ಕೇಳಲು ಸುಲಭ. ಕಾನಿನ ಮರದ ನೆತ್ತಿ ಕಾಣುವುದೇ ಕಷ್ಟ, ಕತ್ತು ನೋವು ಬರುತ್ತದೆ. ಆದರೆ ಹೀಗೆ ಬರೆದದ್ದನ್ನು ಒಟ್ಟಿಗೆ ಹರಡಿ ನೋಡಿದಾಗ ಕಾನಿನ ಅಡುಗೆಮನೆಯಲ್ಲಿ ಯಾವ ತಿಂಗಳು ಏನಿದೆ, ಯಾವಾಗ ಡಬ್ಬ ಖಾಲಿ ಎಂಬುದು ಗೊತ್ತಾಗುತ್ತದೆ. ಹಲಸು ಮುಗಿದ ಮೇಲೆ ಮಳೆ ಜೋರಾದಾಗ ನಮ್ಮ ಪಟ್ಟಿಯಲ್ಲಿ ದೊಡ್ಡ ಅಂಕಿ ಇದ್ದದ್ದು ಉಪ್ಪಾಗೆಯದ್ದು ಮಾತ್ರ. ಉಳಿದ ಮರಗಳ ಮುಂದೆ ಬರೀ ಸೊನ್ನೆ, ಒಂದು.

ಬೇಸಿಗೆಯಲ್ಲಿ ಕಾಡಿಗೆ ಹೋಗುವುದೆಂದರೆ ನಮ್ಮಲ್ಲಿ ಮಂಗನ ಕಾಯಿಲೆಯ ಹೆದರಿಕೆ ಇದ್ದದ್ದೇ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ನಮ್ಮ ತಾಲೂಕಿನಲ್ಲೂ ಜೀವ ತೆಗೆದಿದೆ. ಹೊರಡುವ ಮೊದಲು ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚುವುದು, ಪ್ಯಾಂಟನ್ನು ಕಾಲುಚೀಲದ ಒಳಗೆ ತೂರಿಸುವುದು, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡುವುದು, ಇಷ್ಟನ್ನು ಒಂದು ದಿನವೂ ತಪ್ಪಿಸಲಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಕಾಯಿಲೆಗೆ ಮಂಗನ ಹೆಸರಿದೆ ಅಂತ ಮಂಗನನ್ನು ಕಂಡರೆ ಕಲ್ಲು ಹೊಡೆಯುವವರಿದ್ದಾರೆ. ಮನುಷ್ಯನಿಗೆ ಕಾಯಿಲೆ ತರುವುದು ಉಣುಗು. ಮುಸುವ, ಕೆಂಪು ಮಂಗ ಎರಡೂ ಅದೇ ಕಾಯಿಲೆಗೆ ನಮಗಿಂತ ಮೊದಲು ಸಾಯುತ್ತವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ಹೇಳಬೇಕು. ಅದು ನಮಗೆ ಸಿಗುವ ಮುನ್ಸೂಚನೆ.

ಮಂಗ ಹುಡುಕುವ ಕೆಲಸ ಬೆಳಕು ಹರಿಯುವ ಮೊದಲೇ ಶುರು. ವಾಚರ್ ಅಣ್ಣನಿಗೆ ಆ ಗುಂಪು ರಾತ್ರಿ ಯಾವ ಮರಗಳಲ್ಲಿ ತಂಗುತ್ತದೆ ಎಂಬ ಅಂದಾಜು ಇರುತ್ತಿತ್ತು. ನಾನು ಮೇಲೆ ಮೇಲೆ ನೋಡುತ್ತಾ ನಡೆದರೆ, "ಕಣ್ಣಿಂದ ಹುಡುಕಿದ್ರೆ ಕಾನಲ್ಲಿ ಏನೂ ಸಿಗೂದಿಲ್ಲ ತಂಗಿ, ಸುಮ್ನೆ ನಿಂತು ಕಿವಿ ಕೊಡು" ಅನ್ನುತ್ತಿದ್ದರು. ಕಿವಿ ಕೊಟ್ಟರೆ ಗೊತ್ತಾಗುತ್ತದೆ. ಗಂಡು ಸಿಂಗಳೀಕ "ಕೂ" ಎಂದು ಎಳೆದು ಕೂಗುತ್ತದೆ. ಒಂದು ಗುಂಪು ಇನ್ನೊಂದಕ್ಕೆ ನಾವಿಲ್ಲಿದ್ದೇವೆ ಎಂದು ತಿಳಿಸುವ ಕೂಗು ಅದು. ಕಣಿವೆಯಾಚೆಗೂ ಕೇಳುತ್ತದೆ. ಕೂಗು ಇಲ್ಲದ ದಿನ ಕೊಂಬೆ ಅಲುಗುವ ಸದ್ದು, ಹಣ್ಣಿನ ಸಿಪ್ಪೆ ಎಲೆ ಮೇಲೆ ಬೀಳುವ ಸದ್ದು.

ಗುಂಪು ಸಿಕ್ಕಿದ ಮೇಲೆ ನಿಗದಿಯಾದ ಹೊತ್ತಿಗೊಮ್ಮೆ ಕಣ್ಣಿಗೆ ಕಂಡ ಪ್ರತಿ ಮಂಗ ಆ ಕ್ಷಣ ಏನು ಮಾಡುತ್ತಿದೆ ಎಂದು ಬರೆಯಬೇಕು. ತಿನ್ನುವುದು, ಓಡಾಡುವುದು, ಹೇನು ಹೆಕ್ಕುವುದು, ಸುಮ್ಮನೆ ಕೂರುವುದು. ತಿನ್ನುತ್ತಿದ್ದರೆ ಯಾವ ಮರ, ಯಾವ ಭಾಗ. ನನ್ನ ಪಾಲಿಗೆ ಬಂದದ್ದು ಮರದ ಹೆಸರು ಹೇಳುವುದು. "ಅಕ್ಕಾ, ಇದು ಯಾವುದು?" ಎಂದು ಆ ಹುಡುಗಿ ಪಿಸುಗುಟ್ಟುವಳು, ನಾನು ಹೇಳುವೆ, ಅವಳು ಶಾಸ್ತ್ರದ ಹೆಸರು ಬರೆದುಕೊಳ್ಳುವಳು.

ಪೆನ್ಸಿಲ್ ಹಿಡಿದು ಕೂತು ನೋಡುವ ತನಕ ಮುಸುವ ಮತ್ತು ಸಿಂಗಳೀಕ ಎಷ್ಟು ಬೇರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಒಂದು ಬೆಳಿಗ್ಗೆ ಎರಡೂ ಅಕ್ಕಪಕ್ಕದ ಮರದಲ್ಲಿದ್ದವು. ಮುಸುವಗಳು ಚಿಗುರಿದ ಕೊಂಬೆಯಲ್ಲಿ ಕೂತು ಎಲೆ ಎಳೆದೆಳೆದು ಬಾಯಿಗೆ ಹಾಕಿಕೊಂಡವು. ಹೊಟ್ಟೆ ತುಂಬಿದ ಮೇಲೆ ಕವಲಿನಲ್ಲಿ ಬಾಲ ಇಳಿಬಿಟ್ಟು ಕೂತೇ ಬಿಟ್ಟವು. ನಮ್ಮ ಪುಸ್ತಕದಲ್ಲಿ ಅವುಗಳ ಮುಂದೆ "ವಿಶ್ರಾಂತಿ, ವಿಶ್ರಾಂತಿ" ಎಂದೇ ಬಂತು. ಅದು ಸೋಮಾರಿತನವಲ್ಲ. ಮುಸುವದ ಹೊಟ್ಟೆಯಲ್ಲಿ ಬೇರೆ ಬೇರೆ ಕೋಣೆಗಳಿವೆ. ಅಲ್ಲಿರುವ ಸೂಕ್ಷ್ಮ ಜೀವಿಗಳು ಸೊಪ್ಪನ್ನು ಹುಳಿ ಬರಿಸಿ ಕರಗಿಸುತ್ತವೆ. ಅದಕ್ಕೆ ಹೊತ್ತು ಬೇಕು. ಹೀಗೆ ಸೊಪ್ಪಿನಿಂದಲೇ ಬದುಕುವ ಶಕ್ತಿ ಇರುವುದರಿಂದ ಒಂದು ಹಣ್ಣು ಕೈಕೊಟ್ಟರೂ ಮುಸುವ ತಡೆದುಕೊಳ್ಳುತ್ತದೆ.

ಸಿಂಗಳೀಕಕ್ಕೆ ಆ ಅನುಕೂಲ ಇಲ್ಲ. ಅದರ ಹೊಟ್ಟೆ ನಮ್ಮದರ ಹಾಗೆ ಒಂದೇ ಚೀಲ. ಹಣ್ಣು, ಬೀಜ, ಹುಳಹುಪ್ಪಟೆ ಬೇಕು. ಪಕ್ಕದ ಮರದಲ್ಲಿ ಅವು ಒಂದು ನಿಮಿಷ ಕೂತಲ್ಲಿ ಕೂರಲಿಲ್ಲ. ಒಂದು ಹೆಣ್ಣು ಸಿಂಗಳೀಕ ಒಣಗಿದ ಕೊಂಬೆಯ ತೊಗಟೆಯನ್ನು ಬೆರಳಿಂದ ಎಬ್ಬಿಸಿ ಒಳಗಿಣುಕಿತು. ಮುದುರಿದ ಎಲೆ ಕಂಡರೆ ಬಿಡಿಸಿತು. ಒಂದು ಕಂಬಳಿ ಹುಳ ಸಿಕ್ಕಿತು. ಅದನ್ನು ಕೂಡಲೇ ಬಾಯಿಗೆ ಹಾಕಲಿಲ್ಲ. ಒಂದು ಎಲೆ ಕಿತ್ತು, ಹುಳವನ್ನು ಅದರ ಮೇಲಿಟ್ಟು ಅಂಗೈಯಲ್ಲಿ ತಿಕ್ಕಿತು, ತೆಗೆದು ನೋಡಿತು, ಮತ್ತೆ ತಿಕ್ಕಿತು. ರೋಮ ಎಲ್ಲ ಹೋದ ಮೇಲೆ ತಿಂದಿತು. ಅದರ ಮರಿ ಹೊಟ್ಟೆಗೆ ಅಂಟಿಕೊಂಡೇ ಈ ಕೆಲಸವನ್ನೆಲ್ಲ ಕತ್ತು ಹೊರಳಿಸಿ ನೋಡುತ್ತಿತ್ತು. ನಾವು ಮೂವರೂ ಬರೆಯುವುದನ್ನು ಬಿಟ್ಟು ನೋಡಿದೆವು.

ಮರಿಯ ವಿಷಯ ಬಂದಾಗ ಹೇಳುತ್ತೇನೆ. ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕುವ ಹೊತ್ತಿಗೆ ಐದಾರು ವರ್ಷವಾಗಿರುತ್ತದೆ. ಗರ್ಭ ಹೆಚ್ಚುಕಡಿಮೆ ಆರು ತಿಂಗಳು. ಒಂದು ಸಲಕ್ಕೆ ಒಂದೇ ಮರಿ. ಮುಂದಿನದಕ್ಕೆ ಎರಡು ಮೂರು ವರ್ಷ. ಒಂದು ಹೆಣ್ಣು ಸತ್ತರೆ ಆ ಜಾಗ ತುಂಬಲು ಎಷ್ಟು ಕಾಲ ಬೇಕು ಯೋಚಿಸಿ. ಇಂಥ ಪ್ರಾಣಿಗೆ ಹಸಿವಿನ ಒಂದು ಮಳೆಗಾಲವೂ ದೊಡ್ಡ ಪೆಟ್ಟೇ.

ಜೂನ್‌ನಲ್ಲಿ ಮಳೆ ಹಿಡಿಯಿತು. ಉಂಬಳಗಳೂ ಎದ್ದವು. ಸುಣ್ಣ, ಹೊಗೆಸೊಪ್ಪಿನ ಪುಡಿ ಸೇರಿಸಿ ಕಾಲಿಗೆ ಹಚ್ಚಿಕೊಂಡರೂ ಸಾಲದು. ಉಪ್ಪಾಗೆ ಹಳದಿಗೆ ತಿರುಗಲು ಶುರುವಾಯಿತು. ನೋಡದವರಿಗೆ ಹೇಳುವುದಾದರೆ, ಸುತ್ತ ಗೆರೆಗೆರೆ ಬಿದ್ದ ಪುಟ್ಟ ಕುಂಬಳದ ಆಕಾರ. ಸಿಪ್ಪೆ ದಪ್ಪ, ಹುಳಿ. ಒಳಗೆ ಬೀಜದ ಸುತ್ತ ತೆಳ್ಳಗೆ ಸಿಹಿ ತಿರುಳು. ನಮಗೆ ಬೇಕಾದದ್ದು ಸಿಪ್ಪೆ. ಸಿಂಗಳೀಕಕ್ಕೆ ಬೇಕಾದದ್ದು ತಿರುಳು. ಇದು ನನಗೆ ಮರದ ಕೆಳಗೆ ಕೂತ ಮೇಲೆ ಸರಿಯಾಗಿ ತಲೆಗೆ ಹೋಯಿತು. ಅವು ಎರಡೂ ಕೈಯಲ್ಲಿ ಹಣ್ಣು ಹಿಡಿದು, ಕಚ್ಚಿ ಬಿರಿಸಿ, ತಿರುಳಿನ ಸಮೇತ ಬೀಜವನ್ನು ಬಾಯಿಗೆಳೆದುಕೊಂಡು ಕೆನ್ನೆಯ ಚೀಲದಲ್ಲಿ ತುಂಬಿಕೊಳ್ಳುತ್ತವೆ. ಸಿಪ್ಪೆ ಕೆಳಗೆ ಬೀಳುತ್ತದೆ. ಆಮೇಲೆ ಇನ್ನೊಂದು ಮರದಲ್ಲಿ ಆರಾಮಾಗಿ ಕೂತು ತಿರುಳು ಚೀಪಿ ಬೀಜ ಉಗುಳುತ್ತವೆ. ಅಂದರೆ ನಮ್ಮ ಉಪ್ಪಾಗೆಯ ಬೀಜ ಬಿತ್ತುವವರೂ ಅವರೇ.

ಹಾಗಾದರೆ ಜಗಳ ಎಲ್ಲಿ? ಜಗಳ ಇರುವುದು ನಾವು ಕೊಯ್ಯುವ ರೀತಿಯಲ್ಲಿ. ನನ್ನ ಅಜ್ಜಿಯ ಕಾಲದಲ್ಲಿ ಉಪ್ಪಾಗೆ ಮನೆ ಬಳಕೆಗೆ ಮಾತ್ರ. ಬೀಜ ಒಣಗಿಸಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಉಪ್ಪಾಗೆ ತುಪ್ಪ ಮಾಡುತ್ತಿದ್ದರು. 1990ರ ದಶಕದಲ್ಲಿ ಸಿಪ್ಪೆಯಿಂದ ತೆಗೆದ ಹುಳಿಗೆ, ತೂಕ ಇಳಿಸುವ ಮಾತ್ರೆ ಮಾಡಲು, ಹೊರದೇಶಗಳಲ್ಲಿ ಬೇಡಿಕೆ ಬಂತು. ರೇಟು ಏರಿತು. ರೇಟು ಏರಿದಾಗ ಪೈಪೋಟಿ ಬಂತು. ನಾನು ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬರು ಕೊಯ್ಯುತ್ತಾರೆ ಎಂದು ಕಾಯಿ ಹಸಿರಿರುವಾಗಲೇ ದೋಟಿ ಹಾಕಿ ಉದುರಿಸುವುದು. ಮಳೆಯಲ್ಲಿ ಮರ ಜಾರುತ್ತದೆ, ಹತ್ತಿ ಒಂದೊಂದೇ ಕೊಯ್ಯುವುದು ಅಪಾಯ. ಅದಕ್ಕೆ ಕತ್ತಿಯಲ್ಲಿ ಕೊಂಬೆಯನ್ನೇ ಕಡಿದು ಕೆಳಗೆ ಹಾಕುವುದು. ಕೊಂಬೆ ಹೋದ ಮರ ಮುಂದಿನ ವರ್ಷ ಹಣ್ಣು ಕೊಡುವುದಿಲ್ಲ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡದ ಮರ ಯಾಕೆ ಎಂದು ಸೌದೆಗೆ ಗಂಡು ಮರ ಕಡಿದವರೂ ಇದ್ದಾರೆ. ಪರಾಗವೇ ಇಲ್ಲದೆ ಹೆಣ್ಣು ಮರ ಏನು ಮಾಡೀತು?

ಸಿಪ್ಪೆ ಒಣಗಿಸುವ ಸೌದೆಯ ಕಥೆ ಇನ್ನೂ ದೊಡ್ಡದು. ಧಾರಾಕಾರ ಮಳೆಯಲ್ಲಿ ಬಿಸಿಲಿನ ಮಾತೇ ಇಲ್ಲ. ಒಲೆಯ ಮೇಲೆ ತಟ್ಟಿ ಕಟ್ಟಿ, ಸಿಪ್ಪೆ ಹರಡಿ, ಹಗಲೂ ರಾತ್ರಿ ಬೆಂಕಿ ಹಾಕಬೇಕು. ಒಂದೇ ಸಮ ತಿರುವಿ ಹಾಕದಿದ್ದರೆ ಒಂದು ಕಡೆ ಕರಕು, ಇನ್ನೊಂದು ಕಡೆ ಬೂಸಲು. ಹೊಗೆಯಲ್ಲಿ ಕೂತು ಕಣ್ಣು ಉರಿಸಿಕೊಳ್ಳುವವರು ಹೆಂಗಸರೇ. ಆ ಸೌದೆ ಬರುವುದೂ ಅದೇ ಕಾಡಿನಿಂದ. ಹಣ್ಣು ಕೊಯ್ಯುವುದರಿಂದ ಆಗುವ ಹಾನಿಗಿಂತ ಒಣಗಿಸುವುದರಿಂದ ಆಗುವ ಹಾನಿ ಜಾಸ್ತಿ ಎಂದು ಸೌದೆ ರಾಶಿ ನೋಡಿದಾಗಲೆಲ್ಲ ನನಗೆ ಅನ್ನಿಸಿದೆ.

ನಮ್ಮ ಬೆಟ್ಟದಲ್ಲಿ ಆ ವರ್ಷ ಬೇರೆ ರೀತಿ ಕೊಯ್ಯೋಣ ಎಂದು ಮನೆಯಲ್ಲಿ ಕೇಳಿದೆ. ಅಪ್ಪಯ್ಯ ಒಪ್ಪಿದರು. ಅಣ್ಣನಿಗೆ ಅನುಮಾನ ಇತ್ತು. ನಾವು ಹಾಕಿಕೊಂಡ ಕ್ರಮ ಇಷ್ಟು: ಕಾನಿಗೆ ತಾಗಿದ ಸಾಲಿನ ಮರಗಳಿಗೆ ಕೈ ಹಾಕುವುದಿಲ್ಲ, ಅವು ಮಂಗನ ಪಾಲು. ಉಳಿದ ಮರಗಳಲ್ಲಿ ಹಣ್ಣು ಹಳದಿ ಆಗುವ ತನಕ ಕೊಯ್ಲಿಲ್ಲ. ಕತ್ತಿ ಬೆಟ್ಟಕ್ಕೆ ತರುವಂತಿಲ್ಲ, ದೋಟಿ ಮತ್ತು ಬಲೆ ಮಾತ್ರ. ಮಂಗನ ಸಾಲಿನ ಮರಗಳ ಕೆಳಗೆ ಬಿದ್ದ ಸಿಪ್ಪೆಯನ್ನು ನಾವು ಹೆಕ್ಕುತ್ತೇವೆ.

ಸಿಪ್ಪೆ ಹೆಕ್ಕುವುದಕ್ಕೆ ಅದರದ್ದೇ ಶಿಸ್ತು ಬೇಕು. ಗುಂಪು ಮುಂದಿನ ಮರಕ್ಕೆ ಹೋದ ಮೇಲೆಯೇ ಕೆಳಗೆ ಹೋಗಬೇಕು. ಇಲ್ಲದಿದ್ದರೆ ಅವು ಹೆದರಿ ಹಣ್ಣು ಬಿಟ್ಟು ಓಡುತ್ತವೆ. ಅದೇ ದಿನ ಹೆಕ್ಕಬೇಕು. ದರಕಿನ ಮೇಲೆ ಒಂದು ರಾತ್ರಿ ಬಿದ್ದರೆ ಬೂಸಲು ಹಿಡಿಯುತ್ತದೆ. ಹಲ್ಲಿನ ಗುರುತು, ಮಣ್ಣು ಇರುತ್ತದೆ, ಹಳ್ಳದಲ್ಲಿ ತೊಳೆಯಬೇಕು. ಹಣ್ಣು ಒಡೆದು ಬೀಜ ತೆಗೆಯುವ ಕೆಲಸ ಮಾತ್ರ ಇಲ್ಲ, ಅದನ್ನು ಅವು ಮಾಡಿ ಮುಗಿಸಿರುತ್ತವೆ. ಅಮ್ಮನಿಗೆ ಇದು ಬಹಳ ಇಷ್ಟವಾಯಿತು. ಗೋಣಿಚೀಲ ಹಿಡಿದು ದಿನಾ ಅವರೇ ಹೊರಟರು.

ಎಲ್ಲ ಹೊಂದಿ ಬಂತು ಎಂದು ಹೇಳಲಾರೆ. ಹಸಿ ತೂಕದಲ್ಲಿ ಕಡಿಮೆಯೇ ಬಂತು. ಆದರೆ ಬಲಿತ ಹಣ್ಣಿನ ಸಿಪ್ಪೆ ದಪ್ಪ, ಒಣಗಿದಾಗ ಮೊದಲಿನಷ್ಟು ಸೊರಗಲಿಲ್ಲ. ಮುಚ್ಚಿದ, ಚಿಮಣಿ ಇರುವ ಒಲೆಯಲ್ಲಿ ಒಣಗಿಸಿದ್ದರಿಂದ ಸೌದೆಯಲ್ಲಿ ದೊಡ್ಡ ಉಳಿತಾಯ ಆಯಿತು. ಕರಕು ಇಲ್ಲದ ಸಿಪ್ಪೆಗೆ ವ್ಯಾಪಾರಿ ಮೊದಲ ದರ್ಜೆಯ ರೇಟು ಕೊಟ್ಟರು. ಮಂಗ ಕಚ್ಚಿದ ಸಿಪ್ಪೆ ಬೇಡ ಎಂದು ಮೊದಲು ರಾಗ ಎಳೆದವರು, ಒಣಗಿದ ಎರಡೂ ರಾಶಿ ಮುಂದಿಟ್ಟಾಗ ಬೇರೆ ಮಾಡಲಾಗದೆ ಒಟ್ಟಿಗೇ ತೂಗಿದರು. ಕೈಗೆ ಬಂದ ದುಡ್ಡು ಹಿಂದಿನ ವರ್ಷಕ್ಕಿಂತ ಸ್ವಲ್ಪ ಕಡಿಮೆ. ಅಣ್ಣ ಲೆಕ್ಕ ನೋಡಿ, "ಇಷ್ಟೇನಾ ವ್ಯತ್ಯಾಸ" ಎಂದ. ಆ ಮಾತು ನನಗೆ ಸಾಕಾಯಿತು.

ಮಂಗನ ಸಾಲಿನಲ್ಲಿ ಗುಂಪು ಮಳೆಗಾಲವಿಡೀ ಬಂದುಹೋಗಿ ಮಾಡಿತು. ಮರಿ ಇರುವ ತಾಯಂದಿರು ಅಲ್ಲಿ ಜಾಸ್ತಿ ಹೊತ್ತು ಕೂತರು. ಆದರೆ ಒಂದು ಕಡೆ ಅವು ಯಾವಾಗಲೂ ನಿಂತು ಬಿಡುತ್ತಿದ್ದವು. ಹಿಂದೆ ಯಾವಾಗಲೋ ಸೊಪ್ಪಿಗೆ ವಿಪರೀತ ಸವರಿ, ಮರಗಳು ಮೋಟಾಗಿ, ನಡುವೆ ಬಯಲು ಬಿದ್ದ ಜಾಗ. ಆಚೆ ಉಪ್ಪಾಗೆ ತುಂಬಿ ನಿಂತಿತ್ತು. ಗಂಡು ಕೊನೆಯ ಕೊಂಬೆಯ ತುದಿಗೆ ಬಂದು, ಆಚೆ ನೋಡಿ, ಹಿಂದೆ ಹೋಯಿತು. ಕೆಂಪು ಮಂಗ, ಮುಸುವ ಆಗಿದ್ದರೆ ಇಳಿದು ಓಡಿ ದಾಟುತ್ತಿದ್ದವು. ಸಿಂಗಳೀಕ ನೆಲಕ್ಕಿಳಿಯಲು ಬಹಳ ಹಿಂಜರಿಯುತ್ತದೆ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಮಾವಿನಗುಂಡಿಗೆ ಬರುವ ರಸ್ತೆ, ಕರೆಂಟಿನ ಲೈನು, ಇವೆಲ್ಲ ಅದಕ್ಕೆ ಇಂಥದ್ದೇ ಬಯಲು, ಇನ್ನೂ ಅಗಲದ್ದು. ಕಣಿವೆಯೊಳಗೇ ಮಾಡಬೇಕೆಂದಿರುವ, ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವ 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ನಾನು ವಿರೋಧ ಹೇಳುವುದೂ ಇದಕ್ಕೇ. ಕಡಿದ ಮರಕ್ಕೆ ಬದಲಾಗಿ ಬೇರೆ ಜಿಲ್ಲೆಯಲ್ಲಿ ಗಿಡ ನೆಟ್ಟರೆ ಇಲ್ಲಿ ಕೊಂಬೆಯ ತುದಿಯಲ್ಲಿ ನಿಂತ ಪ್ರಾಣಿಗೆ ಏನು ಉಪಯೋಗ?

ಮಳೆಗಾಲ ಮುಗಿದ ಮೇಲೆ ಸಮಿತಿಯ ಸಭೆಯಲ್ಲಿ ನಮ್ಮ ಲೆಕ್ಕ, ಆ ಹುಡುಗಿಯ ಪಟ್ಟಿ ಎರಡನ್ನೂ ಓದಿದೆ. ಎದ್ದ ಮೊದಲ ಪ್ರಶ್ನೆಯೇ ಸರಿಯಾದದ್ದು: "ನಿಮಗೆ ತೋಟ ಇದೆ, ನೀವು ಬಿಡ್ತೀರಿ. ಬೆಟ್ಟವೇ ಇಲ್ಲದವರು, ಕಾಡಿಂದ ಹೆಕ್ಕಿಯೇ ಬದುಕುವವರು ಏನು ಮಾಡಬೇಕು?" ಇದಕ್ಕೆ ಉತ್ತರ ಕೊಡದೆ ಸಿಂಗಳೀಕದ ಮಾತಾಡುವುದು ನ್ಯಾಯವಲ್ಲ. ಬಹಳ ಹೊತ್ತು ಚರ್ಚೆಯಾಗಿ ಮೂರು ತೀರ್ಮಾನ ಆದವು. ಸಮಿತಿಯ ಕಾಡಿನಲ್ಲಿ ಕೊಯ್ಲಿಗೆ ಒಂದೇ ದಿನ ಶುರು, ಅದೂ ಹಣ್ಣು ಬಲಿತ ಮೇಲೆ. ಆಗ ನಾನು ಮೊದಲು, ನೀನು ಮೊದಲು ಎಂಬ ಓಟ ನಿಲ್ಲುತ್ತದೆ. ಬೆಟ್ಟ ಇಲ್ಲದ ಮನೆಗಳಿಗೆ ಹತ್ತಿರದ, ಒಳ್ಳೆಯ ಮರಗಳ ಪಾಲು. ಮುಚ್ಚಿದ ಒಲೆ ಮೊದಲು ಅವರಿಗೇ. ಕೊಂಬೆ ಕಡಿಯಬಾರದು ಎಂಬುದಕ್ಕೆ ಎಲ್ಲರೂ ಕೈ ಎತ್ತಿದರು, ಪಾಲಿಸುತ್ತಾರೋ ನೋಡಬೇಕು. ಮಂಗನಿಗೆ ಸಾಲು ಬಿಡುವ ವಿಷಯ ಮಾತ್ರ ಅವರವರ ಮನಸ್ಸಿಗೆ ಬಿಟ್ಟದ್ದಾಯಿತು. ನಮ್ಮದಲ್ಲದೆ ಪಕ್ಕದ ಕೆಲವು ಮನೆಯವರು ಒಪ್ಪಿದ್ದಾರೆ.

ಆ ಬಯಲು ಜಾಗಕ್ಕೆ ಗಿಡ ಹಾಕುವ ಕೆಲಸ ಈಗ ನಡೆದಿದೆ. ಬೇಗ ಎತ್ತರ ಹೋಗುವ ಕಾಡುಜಾತಿ ಮುಂದೆ, ಅದರ ನೆರಳಿಗೆ ಉಪ್ಪಾಗೆ. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಯಿಸುತ್ತದೆ. ಗಂಡೋ ಹೆಣ್ಣೋ ಎಂದು ಹೂ ಬಿಡುವ ತನಕ ತಿಳಿಯುವುದೂ ಇಲ್ಲ. ಅದಕ್ಕೇ ಹೆಚ್ಚಿನವರು ನರ್ಸರಿಯಿಂದ ಕಸಿ ಗಿಡ ತರುತ್ತಾರೆ. ಕಸಿಯವು ಎಲ್ಲ ಹೆಣ್ಣೇ. ವಾಚರ್ ಅಣ್ಣ ಕಾನಿನಲ್ಲಿ ಮಂಗ ಉಗುಳಿದ ಬೀಜದಿಂದ ಎದ್ದ ಸಸಿಗಳನ್ನೂ ಕಿತ್ತು ತಂದರು. ಗಂಡೂ ಬೇಕಲ್ಲ ಎಂದು ನಾಲ್ಕು ಕಸಿ ಗಿಡಕ್ಕೆ ಒಂದರಂತೆ ಅವುಗಳನ್ನು ನಡುವೆ ನೆಟ್ಟಿದ್ದೇವೆ. ದನ ನುಗ್ಗದ ಹಾಗೆ ಸುತ್ತ ಬೇಲಿ ಕಟ್ಟುವುದಷ್ಟು ಬಾಕಿ ಇದೆ.